ಪರದೆಯ ಮೇಲೆ ಅಕ್ಕನ ಹೊಟ್ಟೆ

ನಮ್ಮ ದೊಡ್ಡ ಸರ್ಜನ್ನರಿಗೆ ಆಸ್ಪತ್ರೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಉದ್ದಗೆರೆ. ಗರ್ಭಕೋಶ ತೆಗೆಸಬೇಕು ಅಂತ ಯಾವ ಹೆಂಗಸು ಬಂದರೂ ಹೊಟ್ಟೆಯ ಮೇಲೆ ಇಷ್ಟುದ್ದ ಗೆರೆ ಎಳೆದೇ ಮನೆಗೆ ಕಳಿಸುತ್ತಿದ್ದರು. ಮೂರು ನಾಲ್ಕು ಸಣ್ಣ ತೂತುಗಳಿಂದ ಆಗುವಂಥದ್ದಿರಲಿ, ಹೊಟ್ಟೆಯ ಗೊಡವೆಯೇ ಇಲ್ಲದೆ ಕೆಳಗಿನಿಂದಲೇ ತೆಗೆಯಬಹುದಾದ್ದಿರಲಿ, ಅವರ ಕೈಗೆ ಚಾಕುವೇ ಬೇಕು. ಆಮೇಲೆ ಆ ಹೆಂಗಸರು ಹೊಟ್ಟೆ ಹಿಡಿದುಕೊಂಡು, ಬೆನ್ನು ಬಗ್ಗಿಸಿ, ವಾರ್ಡಿನ ಗೋಡೆ ಸವರುತ್ತಾ ನಡೆಯುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಅವರ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವವಳು. ರೋಗಿಯ ತಲೆಯ ಹತ್ತಿರ ನನ್ನ ಸ್ಟೂಲು, ನನ್ನ ಯಂತ್ರ. ನನಗೂ ಸರ್ಜನ್ನರಿಗೂ ನಡುವೆ ಅಡ್ಡಲಾಗಿ ಕಟ್ಟಿದ ಒಂದು ಹಸಿರು ಬಟ್ಟೆ. ಬಟ್ಟೆಯ ಆಚೆಯದು ಅವರದು, ಈಚೆಯದು ನನ್ನದು. ಹಾಗಂತ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಅದನ್ನು ಮೀರಿ ಮಾತಾಡಿದವರನ್ನು ನಾನು ಕಂಡಿಲ್ಲ. ಹಾಗಾಗಿ ನಾನು ಜಗಳವನ್ನೆಲ್ಲ ಥಿಯೇಟರಿನ ಹೊರಗೆ ಮಾಡುತ್ತಿದ್ದೆ. ಕಾಫಿ ಕುಡಿಯುವಾಗ, ಮೆಟ್ಟಿಲು ಇಳಿಯುವಾಗ, ಕೈ ತೊಳೆಯುವಾಗ, ಅವರ ತಲೆ ತಿನ್ನುವುದೇ ನನ್ನ ಕೆಲಸ.

“ಸರ್, ನಿಮ್ಮ ಹೆಂಡತಿಗಾಗಿದ್ರೂ ಹೀಗೇ ಸೀಳ್ತಿದ್ರಾ?” ಅಂತ ಒಂದು ದಿನ ಕೇಳಿಯೇಬಿಟ್ಟೆ.

“ಡಾಕ್ಟ್ರಮ್ಮ, ನಿಮ್ಮ ನಾಲಿಗೆಗೆ ಮೊದ್ಲು ಮದ್ದು ಕೊಡ್ಕೊಳ್ಳಿ,” ಎಂದರು. ನಗಲಿಲ್ಲ. ಆದರೆ ಮಾತು ನಾಟಿತ್ತು. ಆಡಳಿತದ ಮೇಡಂ ಕೂಡ ನನ್ನ ಕಡೆ ಸೇರಿ ಇನ್ನಷ್ಟು ಒತ್ತಿದ ಮೇಲೆ ಆ ಮನುಷ್ಯ ರಜೆ ಹಾಕಿ, ತನ್ನ ಮಗನ ವಯಸ್ಸಿನ ಡಾಕ್ಟರೊಬ್ಬನ ಪಕ್ಕ ನಿಂತು, ಶಾಲೆಗೆ ಸೇರಿದ ಮಗುವಿನ ಹಾಗೆ, ತೂತಿನೊಳಗೆ ಕ್ಯಾಮೆರಾ ಹಿಡಿಯುವುದರಿಂದ ಶುರುಮಾಡಿ ಕಲಿತು ಬಂದರು. ಇದನ್ನು ಒಪ್ಪಿಕೊಳ್ಳಲೇಬೇಕು. ಆ ವಯಸ್ಸಿನಲ್ಲಿ, ಆ ಹೆಸರು ಇಟ್ಟುಕೊಂಡು, ಮತ್ತೆ ಕಲಿಯುವುದು ಸುಲಭವಲ್ಲ. ಕಲಿತರು, ಚೆನ್ನಾಗಿಯೇ ಕಲಿತರು. ವರ್ಷ ಕಳೆಯುವಷ್ಟರಲ್ಲಿ ನಮ್ಮ ವಾರ್ಡಿನಲ್ಲಿ ಬೆನ್ನು ಬಗ್ಗಿಸಿ ನಡೆಯುವವರು ಅಪರೂಪವಾದರು.

ಕಷ್ಟ ಶುರುವಾದದ್ದು ಅಲ್ಲಿಂದಲೇ. ಅವರಿಗೆ ಕೋಡು ಮೂಡಿತು. ಹೊಟ್ಟೆ ಕೊಯ್ಯುವವರೆಲ್ಲ ಕಟುಕರು ಅಂತ ಊಟದ ಮನೆಯಲ್ಲಿ ಭಾಷಣ ಮಾಡತೊಡಗಿದರು. “ಇನ್ನು ನಾನು ಚಾಕು ಹಿಡಿದು ಹೊಟ್ಟೆ ತೆರೆದ್ರೆ ನನ್ನ ಹೆಸರು ಬದಲಾಯಿಸಿ,” ಎಂದರು ಒಂದು ದಿನ. ನಮ್ಮಲ್ಲಿ ಯಾರೋ ಕಿಸಕ್ಕೆಂದರು, ಹೆಸರು ಬೆನ್ನ ಹಿಂದೆ ಆಗಲೇ ಬದಲಾಗಿತ್ತಲ್ಲ. ನನಗೆ ಮಾತ್ರ ಅಷ್ಟು ನಗು ಬರಲಿಲ್ಲ. ಸರ್ಜನ್ ಆದವನು ಮಾಡುವುದಿಲ್ಲ ಅಂತ ಶಪಥ ಹಾಕಬಾರದು. ಒಳಗೆ ಏನಿದೆಯೋ ಯಾರಿಗೆ ಗೊತ್ತು.

ಆಡಳಿತದ ಮೇಡಂಗೆ ಮಾತ್ರ ಹಬ್ಬ. ಅಕ್ಕಪಕ್ಕದ ಊರುಗಳ ಆಸ್ಪತ್ರೆಗಳಲ್ಲಿ ಇನ್ನೂ ಉದ್ದಗೆರೆ ಎಳೆಯುತ್ತಿದ್ದ ಸರ್ಜನ್ನರನ್ನೆಲ್ಲ ಕರೆಸುವುದು, ಕೆಳಗಿನ ದೊಡ್ಡ ಹಾಲಿನಲ್ಲಿ ಕೂರಿಸುವುದು, ನಮ್ಮವರು ಮೇಲೆ ಆಪರೇಷನ್ ಮಾಡುವುದನ್ನು ಗೋಡೆಯಷ್ಟು ಪರದೆಯ ಮೇಲೆ ನೇರವಾಗಿ ತೋರಿಸುವುದು, ಇದು ಅವರ ಯೋಜನೆ. ನೋಡಿದರೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಬಿಡುತ್ತಾರೆ ಚಾಕು. ಯೋಜನೆ ಒಳ್ಳೆಯದೇ. ನಾನೇ ಮೊದಲು ತಲೆಯಾಡಿಸಿದವಳು.

ಅದಕ್ಕೆ ಸಿಕ್ಕ ರೋಗಿ ನನ್ನ ಅಕ್ಕ.

ಅಕ್ಕ ಸಿಟಿ ಬಸ್ ಓಡಿಸುತ್ತಾಳೆ. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಡ್ರೈವರ್ ಸೀಟಿನ ಮೇಲೆ ಕಪ್ಪು ಟವೆಲ್ ಮಡಚಿ ಹಾಕಿಕೊಂಡು, ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿಯುವವರೆಗೆ ಏಳದೆ ಕೂತಿರುತ್ತಿದ್ದಳು. ಮಾತ್ರೆ, ಇಂಜೆಕ್ಷನ್ನು ಯಾವುದಕ್ಕೂ ಬಗ್ಗಲಿಲ್ಲ. ಗರ್ಭಕೋಶ ತೆಗೆಸುವುದೊಂದೇ ಉಳಿದದ್ದು. ಉದ್ದ ಗೆರೆ ಬಿದ್ದರೆ ತಿಂಗಳುಗಟ್ಟಲೆ ಆ ಸ್ಟೀರಿಂಗ್ ತಿರುಗಿಸುವ ಹಾಗಿಲ್ಲ, ಆ ಕ್ಲಚ್ ಒತ್ತುವ ಹಾಗಿಲ್ಲ. ಅದಕ್ಕೇ ನಾನು ತೂತಿನ ದಾರಿಯನ್ನು ಅವಳಿಗೆ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೆ.

“ಟೀವೀಲಿ ತೋರಿಸ್ತಾರಂತೆ?” ಅಂದಳು.

“ಮುಖ ತೋರಿಸಲ್ಲ ಅಕ್ಕ. ಒಳಗಿಂದು ಮಾತ್ರ.”

“ಒಳಗಿಂದನ್ನ ನಾನೇ ನೋಡಿಲ್ಲ, ಊರೋರೆಲ್ಲ ನೋಡ್ತಾರಾ? ಟಿಕೆಟ್ ಇಟ್ಟಿದೀರೋ ಇಲ್ವೋ?” ಎಂದು ನಕ್ಕಳು. ಭಾವನಿಗೆ ನಗು ಬರಲಿಲ್ಲ. ಆತನಿಗೆ ಮಾತೇ ಕಡಿಮೆ. ಅಕ್ಕನ ಚಪ್ಪಲಿಗಳನ್ನು ಒಂದು ಚೀಲಕ್ಕೆ ಹಾಕಿ, ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

ಹಿಂದಿನ ದಿನ ಸಂಜೆ ಅವಳ ಮಂಚದ ಮೇಲೆ ಕೂತು, ಎಲ್ಲ ರೋಗಿಗಳಿಗೆ ಹೇಳುವುದನ್ನೇ ಅವಳಿಗೂ ಹೇಳಿದೆ. ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಬಲೂನಿನ ಹಾಗೆ ಉಬ್ಬಿಸುತ್ತೇವೆ, ಇಲ್ಲದಿದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಆಮೇಲೆ ಅದರ ಚೂರುಪಾರು ಉಳಿದು ಭುಜ ನೋಯುತ್ತದೆ. ಎಲ್ಲರಿಗೂ ಆಗುತ್ತದೆ, ತಾನಾಗಿಯೇ ಹೋಗುತ್ತದೆ, ಹೆದರಬೇಡ.

“ಹೊಟ್ಟೆ ಕೆಲಸಕ್ಕೆ ಭುಜ ನೋವಾ? ಒಳ್ಳೆ ಕಥೆ,” ಎಂದಳು. “ಆಯ್ತು, ನೋಯ್ಲಿ. ಡಾಕ್ಟರ್ ತಂಗಿ ಇದ್ದೂ ಊರೆಲ್ಲ ಕೂಗಾಡಿದ್ಲು ಅಂತ ಹೆಸರು ಬರೋದು ಬೇಡ.”

ನಮ್ಮವರಿಗೆ ನಾವೇ ಮದ್ದು ಕೊಡಬಾರದು ಅನ್ನುತ್ತಾರೆ. ಆದರೆ ಅಕ್ಕ ಹಟ ಹಿಡಿದಳು. ನೀನಿಲ್ಲದೆ ಆ ಕೋಣೆಯೊಳಗೆ ಕಾಲಿಡುವುದಿಲ್ಲ ಅಂದಳು. ಬೆಳಿಗ್ಗೆ ಟೇಬಲ್ಲಿನ ಮೇಲೆ ಮಲಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮದ್ದು ಒಳಗೆ ಹೋಗುತ್ತಿದ್ದ ಹಾಗೆ ರೆಪ್ಪೆ ಭಾರವಾಗಿ, ಒಂದು ಅರ್ಧ ಮಾತು ಬಾಯಲ್ಲೇ ನಿಂತುಹೋಯಿತು. ಇದನ್ನು ದಿನಾ ನೋಡುವವಳು ನಾನು. ಅವತ್ತು ಮಾತ್ರ ನಾಡಿ ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಕ್ಯಾಮೆರಾದ ಕೆಲಸಕ್ಕೆ ಥಿಯೇಟರಿನ ದೀಪಗಳನ್ನು ಆರಿಸುತ್ತಾರೆ. ಟೇಬಲ್ಲನ್ನು ತಲೆಯ ಕಡೆಗೆ ಇಳಿಜಾರು ಮಾಡುತ್ತಾರೆ, ಕರುಳು ಮೇಲೆ ಸರಿದು ಗರ್ಭಕೋಶ ಕಾಣಲಿ ಅಂತ. ಅಕ್ಕ ತಲೆ ಕೆಳಗಾಗಿ ಮಲಗಿದ್ದಳು. ಪರದೆಯ ಮೇಲೆ ಅವಳ ಒಳಗೆಲ್ಲ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ನೀವು ನಂಬಿ ಬಿಡಿ, ಚೆಂದವಾಗಿತ್ತು. ಸರ್ಜನ್ನರ ಕೈ ಕೂಡ ಅವತ್ತು ಚೆಂದವಾಗಿ ಓಡುತ್ತಿತ್ತು. ಅಂಗಿಗೆ ಸಿಕ್ಕಿಸಿದ ಮೈಕಿನಲ್ಲಿ ಹಾಲಿನವರಿಗೆ ಒಂದೊಂದನ್ನೂ ವಿವರಿಸುತ್ತಿದ್ದರು. ಹಾಲಿನಿಂದ ಪ್ರಶ್ನೆಗಳು ಸ್ಪೀಕರಿನಲ್ಲಿ ಬರುತ್ತಿದ್ದವು. ಅದರಲ್ಲೂ ಒಬ್ಬ ಪಕ್ಕದೂರಿನ ಸರ್ಜನ್ ಪ್ರಶ್ನೆ ಮೇಲೆ ಪ್ರಶ್ನೆ. ತರಬೇತಿ ಎಲ್ಲ ಮುಗಿಸಿಯೂ ಧೈರ್ಯ ಸಾಲದೆ ಇನ್ನೂ ಒಂದೂ ಮಾಡಿರಲಿಲ್ಲವಂತೆ. ನಮ್ಮವರು ಒಂದೊಂದಕ್ಕೂ ನಗುನಗುತ್ತಾ ಉತ್ತರ ಕೊಟ್ಟರು.

ಗರ್ಭಕೋಶ ಬಿಡಿಸಿದ್ದಾಯಿತು, ಕೆಳಗಿನಿಂದ ಹೊರಗೆ ತೆಗೆದದ್ದಾಯಿತು, ಒಳಗೆ ಹೊಲಿಗೆಯೂ ಆಯಿತು. ಇನ್ನು ಉಳಿದದ್ದು ಕೊನೆಯ ಒಂದು ನೋಟ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆಯೊಳಗೆ ಗ್ಯಾಸ್ ಬಿಗಿಯಾಗಿ ತುಂಬಿರುವಾಗ ಅದರ ಒತ್ತಡಕ್ಕೆ ಸಣ್ಣಪುಟ್ಟ ರಕ್ತನಾಳಗಳು ಮುಚ್ಚಿಕೊಂಡು ಸುಮ್ಮನಿರುತ್ತವೆ. ಸೋರಿದ್ದೂ ಇಳಿಜಾರಿನಲ್ಲಿ ತಲೆಯ ಕಡೆಗೆ ಹರಿದು ಕ್ಯಾಮೆರಾದ ಕಣ್ಣು ತಪ್ಪಿಸುತ್ತದೆ. ಹಾಗಾಗಿ ಮುಗಿಸುವ ಮುಂಚೆ ಗ್ಯಾಸನ್ನು ಅರ್ಧಕ್ಕೆ ಇಳಿಸಿ, ಟೇಬಲ್ ಮಟ್ಟಕ್ಕೆ ತಂದು, ಒಂದಷ್ಟು ಹೊತ್ತು ಸುಮ್ಮನೆ ನೋಡುತ್ತಾ ನಿಲ್ಲಬೇಕು. ಸರ್ಜನ್ನರು ಪ್ರತಿ ಸಲವೂ ನಿಲ್ಲುತ್ತಿದ್ದರು. ನನಗೆ ಬೇಸರ ಬಂದು ಆಕಳಿಸುವಷ್ಟು ಹೊತ್ತು ನಿಲ್ಲುತ್ತಿದ್ದರು.

ಅವತ್ತು ಹೊಲಿಗೆಯ ಕೊನೆಯ ಗಂಟು ಬೀಳುತ್ತಿದ್ದ ಹಾಗೆಯೇ ಹಾಲಿನಲ್ಲಿ ಚಪ್ಪಾಳೆ ಶುರುವಾಯಿತು. ಸ್ಪೀಕರಿನಲ್ಲಿ ಆಡಳಿತದ ಮೇಡಂ, “ಅದ್ಭುತ ಸರ್! ಎಲ್ಲರೂ ಎದ್ದು ನಿಂತಿದಾರೆ,” ಎಂದರು. ಸರ್ಜನ್ನರು ಕ್ಯಾಮೆರಾ ಬಿಟ್ಟು ಸ್ಪೀಕರಿನ ಕಡೆ ತಿರುಗಿದರು. ಮಾಸ್ಕಿನ ಮೇಲೆ ಕಣ್ಣುಗಳು ನಗುತ್ತಿದ್ದವು.

“ಸರ್, ಇಷ್ಟೇನಾ?” ಅಂತ ಅದೇ ಪಕ್ಕದೂರಿನವನ ದನಿ.

“ಇಷ್ಟೇ ರೀ! ಇದಕ್ಕೆ ಹೆದರ್ಕೊಂಡಿದ್ರಾ?” ಎಂದರು. ಸಹಾಯಕನಿಗೆ ಕೈಸನ್ನೆ ಮಾಡಿದರು. ಬುಸ್ಸೆಂದು ಗ್ಯಾಸ್ ಹೊರಗೆ ಹೋಯಿತು, ಕ್ಯಾಮೆರಾ ಆಚೆ ಬಂತು, ಪರದೆ ಕಪ್ಪಾಯಿತು.

ನಾನು ಸ್ಟೂಲಿನಿಂದ ಅರ್ಧ ಎದ್ದಿದ್ದೆ. ಸರ್, ಕೊನೇಲಿ ನೋಡ್ಲಿಲ್ಲ ಅನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಮೈಕು ತೆರೆದಿತ್ತು. ನಾನು ಆಡಿದ್ದೆಲ್ಲ ಹಾಲಿಗೆ ಕೇಳುತ್ತದೆ. ಬಟ್ಟೆಯ ಆಚೆಯದು ಅವರದು. ಯಂತ್ರದಲ್ಲಿ ಬಿ.ಪಿ. ಚೆನ್ನಾಗಿತ್ತು, ನಾಡಿ ಚೆನ್ನಾಗಿತ್ತು. ಕಾಲಿನ ರಕ್ತವೆಲ್ಲ ಎದೆಗಿಳಿದಿರುವಾಗ, ತಲೆ ಕೆಳಗಾದವರ ಬಿ.ಪಿ. ಚೆನ್ನಾಗಿ ಕಾಣದೆ ಇನ್ನೇನು, ಅಂತ ಗೊತ್ತಿದ್ದವಳು ನಾನು! ಆದರೂ ಮತ್ತೆ ಕೂತೆ. ಬಾಯಿಗೆ ಹೊಲಿಗೆ ಹಾಕಿದ್ದವರು ಯಾರೂ ಇರಲಿಲ್ಲ, ನಾನೇ ಮುಚ್ಚಿಕೊಂಡು ಕೂತೆ.

ಅಕ್ಕ ಎಚ್ಚರಾದಳು, ಕೈ ಹಿಸುಕಿದಳು, ವಾರ್ಡಿಗೆ ಹೋದಳು. ನನಗೆ ಅದರ ಹಿಂದೆಯೇ ಇನ್ನೊಂದು ಕೇಸು. ಒಬ್ಬ ಮುದುಕರ ಮುರಿದ ತೊಡೆ. ಆ ಸುತ್ತಿಗೆಯ ಸದ್ದಿನ ನಡುವೆಯೂ ಮನಸ್ಸು ಮೇಲಿನ ವಾರ್ಡಿನಲ್ಲೇ ಇತ್ತು. ಒಮ್ಮೆ ಫೋನ್ ಮಾಡಿಸಿದೆ. ವಾರ್ಡ್ ಸಿಸ್ಟರ್, “ಆರಾಮಾಗಿದಾರೆ ಮೇಡಂ, ಒಂದು ಮಾತೂ ದೂರಿಲ್ಲ,” ಎಂದರು. ದೂರಿಲ್ಲ ಅನ್ನುವುದು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಂತೆಯಲ್ಲಿ ಹತ್ತು ಜನರ ಜೊತೆ ಒಂದೇ ಉಸಿರಿನಲ್ಲಿ ಜಗಳವಾಡುವ ಹೆಣ್ಣು ನನ್ನ ಅಕ್ಕ.

ಕೇಸು ಮುಗಿದದ್ದೇ ಮೆಟ್ಟಿಲು ಹತ್ತಿದೆ. ಭಾವ ಮಂಚದ ಪಕ್ಕ ಅದೇ ಚೀಲ ಹಿಡಿದು ಕೂತಿದ್ದ. ಅಕ್ಕ ನನ್ನನ್ನು ನೋಡಿ ನಗಲು ಹೋದಳು, ಆಕಳಿಕೆ ಬಂತು. ಅದು ಮುಗಿಯುವುದರೊಳಗೆ ಇನ್ನೊಂದು. ದವಡೆ ಬಿಡುವಷ್ಟು ದೊಡ್ಡ ಆಕಳಿಕೆ.

“ನಿದ್ದೆ ಕಣೇ ಪುಟ್ಟಿ. ನಿನ್ನ ಮದ್ದು ಇನ್ನೂ ಇಳಿದೇ ಇಲ್ಲ,” ಎಂದಳು. “ಬಾಯಾರಿಕೆ. ಇವ್ರು ನೀರು ಕೊಡಲ್ಲ ಅಂತಾರೆ, ಜಿಪುಣರು.”

ಕಿಟಕಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ತುಟಿ ಯಾವುದು, ಕೆನ್ನೆ ಯಾವುದು ಗೊತ್ತಾಗುತ್ತಿರಲಿಲ್ಲ. ಎರಡೂ ಒಂದೇ ಬಣ್ಣ. ಹಣೆ ಮುಟ್ಟಿದೆ, ಒದ್ದೆ, ತಣ್ಣಗೆ.

“ನೋವಿದೆಯಾ ಅಕ್ಕ?”

“ಹೊಟ್ಟೆ ಪರವಾಗಿಲ್ಲ. ಭುಜ ಕಿತ್ಕೊಂಡು ಹೋಗ್ತಿದೆ. ಸಿಸ್ಟರ್ ಕೇಳಿದ್ರು. ಗ್ಯಾಸ್ ಅಷ್ಟೇ, ನಮ್ಮ ತಂಗಿ ಹೇಳಿದಾಳೆ ಅಂದೆ.” ಮತ್ತೆ ಆಕಳಿಸಿದಳು. “ಕೂಗಾಡ್ಲಿಲ್ಲ ನೋಡು. ಎಷ್ಟು ಜಾಣೆ ನಾನು.”

ಈ ಆಕಳಿಕೆ ನಿದ್ದೆಯದಲ್ಲ, ತಲೆಗೆ ರಕ್ತ ಸಾಲದವರದು. ಗ್ಯಾಸ್ ಉಳಿದರೆ ಭುಜ ನೋಯುತ್ತದೆ, ನಿಜ. ರಕ್ತ ಹೊಟ್ಟೆಯಲ್ಲಿ ತುಂಬಿ ಮೇಲೆ ವಪೆಗೆ, ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ, ತಾಗಿದರೂ ಅದೇ ಭುಜ, ಅದೇ ನೋವು. ಇದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ನಾನು ಅವಳಿಗೆ ಹೇಳಿದ್ದು ಅರ್ಧ. ಆ ಅರ್ಧವನ್ನು ಎದೆಗೆ ಕಟ್ಟಿಕೊಂಡು, ತಂಗಿಯ ಮರ್ಯಾದೆ ಕಾಯುತ್ತಾ, ಒಂದೂ ಮಾತಾಡದೆ ಈ ಹುಚ್ಚಿ ಇಲ್ಲಿ ಬಸಿದುಹೋಗುತ್ತಿದ್ದಳು.

“ನಾಡಿ ಸರಿಯಾಗೇ ಇದೆಯಲ್ಲ ಮೇಡಂ,” ಎಂದರು ಸಿಸ್ಟರ್ ಯಂತ್ರ ತೋರಿಸಿ. ಸರಿಯಾಗಿರದೆ ಏನು, ಅವಳು ಬಿ.ಪಿ.ಗೆ ನುಂಗುವ ಮಾತ್ರೆ ನಾಡಿಯನ್ನು ಓಡಲು ಬಿಡುವುದೇ ಇಲ್ಲ. ಹೊದಿಕೆ ಸರಿಸಿ ಹೊಟ್ಟೆಯ ಮೇಲೆ ಕೈ ಇಟ್ಟೆ. ಬಿಗಿದ ಚರ್ಮ ಬೆರಳಿಗೆ ಬಗ್ಗಲಿಲ್ಲ.

“ಥಿಯೇಟರ್ ತೆಗೆಸಿ, ರಕ್ತ ತರಿಸಿ, ಈಗಲೇ!” ಅಂತ ಕಿರುಚಿದೆ. ಭಾವ ಎದ್ದು ನಿಂತ. “ಏನಮ್ಮಾ? ಏನಾಯ್ತು?” ಅಂದ. ಅವನ ಭುಜ ಒತ್ತಿ ಮತ್ತೆ ಕೂರಿಸಿ ಓಡಿದೆ.

ಹಾಲಿನಲ್ಲಿ ಊಟ ನಡೆಯುತ್ತಿತ್ತು. ಸರ್ಜನ್ನರು ತಟ್ಟೆ ಹಿಡಿದು ನಿಂತಿದ್ದರು, ಸುತ್ತ ಬಂದವರ ಗುಂಪು. ಕಿವಿಯ ಹತ್ತಿರ ಹೋಗಿ, “ಅಕ್ಕಂಗೆ ಭುಜ ಕಿತ್ಕೊಂಡು ಹೋಗ್ತಿದೆ, ಒಳಗೆ ರಕ್ತ ಸುರೀತಿದೆ. ಬನ್ನಿ,” ಎಂದೆ.

ಅವರ ನಗು ಹಾಗೇ ಇತ್ತು. “ಭುಜ ನೋವಾ? ಗ್ಯಾಸ್ ಇರ್ಬೇಕಮ್ಮ,” ಎಂದು ಮೆಲ್ಲಗೆ ಹೇಳಿದರು.

ಕೈಯಿಂದ ತಟ್ಟೆ ಕಿತ್ತುಕೊಂಡೆ. ಚಮಚ ನೆಲಕ್ಕೆ ಬಿತ್ತು. ಗುಂಪು ನಮ್ಮನ್ನೇ ನೋಡಿತು. ಆಡಳಿತದ ಮೇಡಂ ಎಲ್ಲರ ಕಡೆ ತಿರುಗಿ, “ಏನಿಲ್ಲ, ಏನಿಲ್ಲ, ಇನ್ನೊಂದು ಕೇಸಿದೆ,” ಎಂದು ನಗುನಗುತ್ತಾ ಹೇಳುತ್ತಿದ್ದದ್ದು ಬಾಗಿಲು ದಾಟುವವರೆಗೂ ಕೇಳಿಸಿತು.

ಮತ್ತೆ ಅದೇ ಟೇಬಲ್, ಅದೇ ಹಸಿರು ಬಟ್ಟೆ. ಈ ಸಲ ಅಕ್ಕನಿಗೆ ನನ್ನ ಮುಖ ನೋಡುವಷ್ಟು ಕಣ್ಣು ತೆರೆಯಲಾಗಲಿಲ್ಲ. ಬಿ.ಪಿ. ಕುಸಿದು ಪಾತಾಳಕ್ಕಿಳಿದಿತ್ತು. ಎರಡೂ ಕೈಯಲ್ಲಿ ರಕ್ತದ ಚೀಲ ಹಿಸುಕುತ್ತಾ ನಿಂತಿದ್ದೆ. ಸರ್ಜನ್ನರು ಕೈತೊಳೆದು ಬಂದು, ಒಂದು ಕ್ಷಣ ತಡೆದು, “ಮೊದ್ಲು ಕ್ಯಾಮೆರಾ ಹಾಕಿ ನೋಡೋಣ,” ಎಂದರು.

“ಬೇಡ.”

“ಹಳೇ ತೂತುಗಳಿಂದಾನೇ ಹೋಗ್ಬಹುದು. ಒಂದು ನಿಮಿಷದ ಕೆಲಸ.”

“ಗ್ಯಾಸ್ ತುಂಬಿದ್ರೆ ಇವಳ ಹೃದಯಕ್ಕೆ ಬರೋ ಚೂರು ರಕ್ತಾನೂ ಬರಲ್ಲ. ಕೊಯ್ಯಿರಿ ಸರ್!”

ಅವರು ಕದಲಲಿಲ್ಲ. ನಾನು ಹಸಿರು ಬಟ್ಟೆಯನ್ನು ಕೈಯಿಂದ ಕೆಳಗೆ ಎಳೆದುಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಡುವೆ ಏನೂ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡಿದೆವು. ಅವರ ಕಣ್ಣಲ್ಲಿದ್ದದ್ದು ಅಹಂಕಾರ ಅಂದುಕೊಂಡಿದ್ದೆ. ಅಲ್ಲ, ಹೆದರಿಕೆ. ಆ ಚಾಕುವನ್ನು ಬಿಡಿಸಲು ನಾನು ಎಷ್ಟು ಕಾಲ ಇವರ ಬೆನ್ನು ಹತ್ತಿದ್ದೆನೋ, ಈಗ ಅದನ್ನೇ ಹಿಡಿಯಿರಿ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. “ಸಾಯ್ತಿದಾಳೆ ಸರ್! ನನ್ನ ಅಕ್ಕ ಸಾಯ್ತಿದಾಳೆ, ಕೊಯ್ಯಿರಿ!”

ಕೈ ಚಾಚಿದರು. ಚಾಕು ಬಂತು. ಒಂದೇ ಎಳೆತ, ಹೊಕ್ಕುಳ ಕೆಳಗಿನಿಂದ ಕೊನೆಯವರೆಗೆ. ಒಳಗಿದ್ದ ರಕ್ತ ಉಕ್ಕಿ ಟೇಬಲ್ಲಿನ ಅಂಚು ದಾಟಿ ಅವರ ಪಾದದ ಮೇಲೆ ಸುರಿಯಿತು. ಅವರು ನೋಡಲೂ ಇಲ್ಲ, ಆ ಕೆಂಪಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಬೆರಳಿನಿಂದಲೇ ಹುಡುಕಿದರು. ಅಂಥ ಹೊಟ್ಟೆಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಅಷ್ಟು ವರ್ಷ ಹೊಟ್ಟೆ ಕೊಯ್ದ ಕೈಗೆ ಮಾತ್ರ ದಾರಿ ಗೊತ್ತು.

“ಸಿಕ್ತು,” ಎಂದರು. “ಹಿಡಿದಿದೀನಿ. ನೀವು ತುಂಬಿಸಿ.”

ತುಂಬಿಸಿದೆ. ಚೀಲದ ಮೇಲೆ ಚೀಲ. ಎಷ್ಟೋ ಹೊತ್ತಿನ ಮೇಲೆ ಅಕ್ಕನ ತುಟಿಗೆ ಒಂದಿಷ್ಟು ಬಣ್ಣ ಹತ್ತಿತು. ಆಗ ನನಗೆ ಅಳು ಬಂತು, ತಡೆಯಲಿಲ್ಲ. ಮಾಸ್ಕಿನೊಳಗೇ ಬಿಕ್ಕಿ ಬಿಕ್ಕಿ ಅತ್ತೆ.

ಹೊರಗೆ ಬಂದು ಭಾವನಿಗೆ, ಬದುಕಿದಳು ಅಂತ ಹೇಳಿದೆ. ಅವಳು ಸಾಯುವ ಮಟ್ಟಕ್ಕೆ ಹೋಗಿದ್ದಳು ಅನ್ನುವುದೇ ಆತನಿಗೆ ಆ ಮಾತಿನಿಂದ ಗೊತ್ತಾದದ್ದು. ಅಲ್ಲೇ ಗೋಡೆಗೊರಗಿ ಕುಸಿದು ಕೂತ.

ಮರುದಿನ ಮಧ್ಯಾಹ್ನ ಅಕ್ಕನ ಗಂಟಲಿನ ನಳಿಗೆ ತೆಗೆದರು. ದನಿ ಒಡೆದಿತ್ತು. ಹೊದಿಕೆಯ ಕೆಳಗೆ ಕೈ ಹಾಕಿ ಹೊಟ್ಟೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಸವರಿ ನೋಡಿದಳು. ನಾನೇ ಎಲ್ಲ ಹೇಳಿದೆ, ನನ್ನ ಅರ್ಧ ಮಾತನ್ನೂ, ನಾನು ಬಾಯಿ ಮುಚ್ಚಿಕೊಂಡು ಕೂತದ್ದನ್ನೂ. “ಬೈಯೋಕೆ ಶಕ್ತಿ ಇಲ್ಲ ಈಗ. ಬಾಕಿ ಇಟ್ಕೋ,” ಎಂದಳು.

ಅಷ್ಟರಲ್ಲಿ ಸರ್ಜನ್ನರು ಬಂದರು. ಒಂದೇ ರಾತ್ರಿಗೆ ಹತ್ತು ವರ್ಷ ದಾಟಿದ ಮುಖ. ಅವರ ಹಿಂದೆ ಆಡಳಿತದ ಮೇಡಂ. ಸರ್ಜನ್ನರು ಮಂಚದ ಕಂಬಿ ಹಿಡಿದುಕೊಂಡು, “ಅಮ್ಮಾ, ಕೊನೇಲಿ ಒಂದ್ಸಲ ನಿಂತು ನೋಡ್ಬೇಕಿತ್ತು. ಚಪ್ಪಾಳೆ ಕೇಳಿ ಮರೆತೆ. ತಪ್ಪು ನಂದು. ಇನ್ಮೇಲೆ ಆ ತೂತಿನ ಸಹವಾಸಾನೇ ಬೇಡ ನಂಗೆ,” ಎಂದರು.

“ಸರ್, ಹಾಗನ್ಬೇಡಿ,” ಎಂದರು ಮೇಡಂ. ಪಾಪ, ಅವರಿಗೆ ಹೇಗಾದರೂ ಅವರನ್ನು ಎತ್ತಿ ನಿಲ್ಲಿಸಬೇಕಿತ್ತು. “ನಿನ್ನೆ ಬಂದವರಿಗೆ ಈ ವಿಷಯ ಏನೂ ಗೊತ್ತಿಲ್ಲ, ಖುಷಿಯಾಗೇ ಹೋದ್ರು. ನಿಮ್ಮಿಂದ ಎಷ್ಟು ಒಳ್ಳೇದಾಗಿದೆ ಗೊತ್ತಾ? ಆ ಪಕ್ಕದೂರಿನವರು, ಅಷ್ಟೆಲ್ಲ ಪ್ರಶ್ನೆ ಕೇಳಿದ್ರಲ್ಲ, ಅವ್ರು ಬೆಳಗ್ಗೆನೇ ಫೋನ್ ಮಾಡಿದ್ರು. ಇವತ್ತೇ ಅವರ ಮೊದಲನೇ ಕೇಸಂತೆ. ಸರ್ ಹೇಗೆ ಮಾಡಿದ್ರೋ ಹಾಗೇ ಮಾಡ್ತೀನಿ ಅಂದ್ರು.”

ಮೊದಲು ಅರ್ಥವಾದದ್ದು ಸರ್ಜನ್ನರಿಗೆ. ಕಂಬಿ ಬಿಟ್ಟು ಮೇಡಂ ಕಡೆ ತಿರುಗಿದರು.

“ನಾನು ಮಾಡಿದ ಹಾಗೆ,” ಎಂದರು. “ನಾನು ಕೊನೇಲಿ ನೋಡ್ಲೇ ಇಲ್ವಲ್ಲ. ಇಷ್ಟೇನಾ ಅಂತ ಕೇಳಿದ, ಇಷ್ಟೇ ಅಂದೆ. ಫೋನ್ ಹಚ್ಚಿ. ಬೇಗ!”

ಮೇಡಂ ನಂಬರ್ ಒತ್ತಿದರು. ಸ್ಪೀಕರಿನಲ್ಲಿ ರಿಂಗು ಹೋಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದರು. ಈ ಸಲ ಎತ್ತಿದರು. ಆ ಕಡೆ ಲೋಟಗಳ ಸದ್ದು, ನಗು.

“ಸರ್! ನಾನೇ ಮಾಡೋಣ ಅಂತಿದ್ದೆ. ಬೆಳಗ್ಗೆ ಮೊದಲನೇ ಕೇಸೇ ಅದು, ಮುಗೀತು ಸರ್!” ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು. “ನೀವು ಮಾಡಿದ ಹಾಗೇ ಮಾಡಿದೆ. ಒಂಚೂರೂ ಆಚೆ ಈಚೆ ಇಲ್ಲ. ನಮ್ಮವರೂ ಚಪ್ಪಾಳೆ ಹೊಡೆದ್ರು.”

“ಗ್ಯಾಸ್ ಇಳಿಸಿ ನೋಡಿದ್ರಾ?”

“ಸರ್?”

“ಮುಗಿಸೋ ಮುಂಚೆ ಗ್ಯಾಸ್ ಇಳಿಸಿ, ಟೇಬಲ್ ಸಮ ಮಾಡಿ ನಿಂತು ನೋಡಿದ್ರಾ?”

ಆ ಕಡೆ ನಗು ನಿಂತಿತು. “ತರಬೇತೀಲಿ ಹೇಳಿಕೊಟ್ಟಿದ್ರು ಸರ್. ನಿನ್ನೆ ನೀವು ಮಾಡ್ಲಿಲ್ಲ, ಅದಕ್ಕೆ ಬೇಕಿಲ್ಲ ಅಂದ್ಕೊಂಡೆ.”

ಸರ್ಜನ್ನರು ಕಣ್ಣು ಮುಚ್ಚಿದರು. “ಆಕೆ ಎಲ್ಲಿದಾರೆ?”

“ವಾರ್ಡಲ್ಲಿ ಸರ್. ಹೋಗಿ ಬಹಳ ಹೊತ್ತಾಯ್ತು.”

“ಫೋನ್ ಇಡ್ಬೇಡಿ. ನಡೀರಿ ಅಲ್ಲಿಗೆ. ನಡೆಯೋದಲ್ಲ, ಓಡಿ.”

ಓಡುವ ಹೆಜ್ಜೆಗಳು ಕೇಳಿಸಿದವು. ಮೆಟ್ಟಿಲು, ಏದುಸಿರು, ತಳ್ಳುಬಾಗಿಲು. ಇಲ್ಲಿ ನಾವು ಮೂರೂ ಜನ ಆ ಸಣ್ಣ ಯಂತ್ರದ ಮೇಲೆ ಬಗ್ಗಿದ್ದೆವು, ಅಕ್ಕ ದಿಂಬಿನಿಂದ ತಲೆ ಎತ್ತಿದ್ದಳು. ನಾನು ಫೋನನ್ನು ಮೇಡಂ ಕೈಯಿಂದ ಕಿತ್ತುಕೊಂಡು, “ತುಟಿ ನೋಡಿ! ಹೊಟ್ಟೆ ಮುಟ್ಟಿ! ಆಕಳಿಸ್ತಿದಾರಾ?” ಎಂದು ಕೂಗಿದೆ.

ಅವನು ಆಗಲೇ ಮಂಚದ ಹತ್ತಿರ ಮುಟ್ಟಿದ್ದ. “ಹೇಗಿದೀರಮ್ಮ?” ಅಂತ ಅಲ್ಲಿ ಯಾರನ್ನೋ ಕೇಳುತ್ತಿದ್ದ. ಆಮೇಲೆ ದೂರದಿಂದ ಒಂದು ಹೆಣ್ಣು ದನಿ ಬಂತು. ತುಂಬ ಮರ್ಯಾದೆಯ, ಯಾರಿಗೂ ತೊಂದರೆ ಕೊಡಲು ಇಷ್ಟವಿಲ್ಲದ ದನಿ.

“ಚೆನ್ನಾಗಿದೀನಿ ಡಾಕ್ಟ್ರೇ. ಏನೂ ತೊಂದ್ರೆ ಇಲ್ಲ. ನಿದ್ದೆ ಬರ್ತಿದೆ, ಅಷ್ಟೇ.”

ಅಕ್ಕ ನನ್ನ ಮುಂಗೈ ಹಿಡಿದಳು. ಆ ಬೆರಳುಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ.

“ಆಕೆ ಮಾತು ನಂಬಬೇಡ ಅನ್ನು ಪುಟ್ಟಿ,” ಎಂದಳು. “ನಾನೂ ಹಾಗೇ ಅಂದಿದ್ದೆ.”

ನಾನು ಫೋನನ್ನು ಬಾಯಿಯ ಹತ್ತಿರ ತಂದು ಅದನ್ನೇ ಕೂಗಿದೆ.